ಒಂದು ಸೀಟು, ಒಂದು ಟವಲು, ಒಂದು ಚೀಲ

ನನ್ನ ಮೊದಲ ಸಂಶೋಧನಾ ಪ್ರಬಂಧದಲ್ಲಿದ್ದ ಗ್ರಾಫ್ ನಕ್ಷೆಯನ್ನು ನಾನು ಆರಂಭದಿಂದಲೂ ನಂಬಿರಲಿಲ್ಲ. ಅದು ಅಗತ್ಯಕ್ಕಿಂತ ಚೆನ್ನಾಗಿತ್ತು.

ನಮ್ಮ ಕೆಲಸ ಕ್ವಾಂಟಮ್ ಮಾಪನಕ್ಕೆ ಸೇರಿದ್ದು. ಬೆಳಕಿನ ಕಣವೊಂದು ಉಪಕರಣವನ್ನು ಹಾದು ಬರುವಾಗ ಅದರ ಅಲೆ ಎಷ್ಟು ಜರುಗಿತು, ದಾರಿಯ ಗದ್ದಲ, ಅಂದರೆ ನಾಯ್ಸ್, ಆ ಅಲೆಯನ್ನು ಎಷ್ಟು ಮಸುಕಾಗಿಸಿತು ಎಂಬ ಎರಡನ್ನೂ ಒಟ್ಟಿಗೇ ಅಂದಾಜು ಮಾಡಬೇಕು. ಇದಕ್ಕಿಂತ ನಿಖರವಾಗಿ ತಿಳಿಯಲಾಗದು ಎಂಬ ಗಡಿಯೊಂದು ಪ್ರತಿಯೊಂದಕ್ಕೂ ಇದೆ. ನಮ್ಮ ನಕ್ಷೆಯಲ್ಲಿ ಎರಡೂ ತಮ್ಮ ತಮ್ಮ ಗಡಿಯನ್ನು ಮುಟ್ಟಿ ನಿಂತಿದ್ದವು. ಲೆಕ್ಕದ ದಾರಿ ನನ್ನ ಮಾರ್ಗದರ್ಶಕರದು. ಸೋಮವಾರ ಅವರು ಪ್ರಬಂಧವನ್ನು ಪತ್ರಿಕೆಗೆ ಕಳುಹಿಸುವವರಿದ್ದರು. ಮೊದಲ ಹೆಸರು ನನ್ನದು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅವರದು ತಪ್ಪು ಎನ್ನಲು ನಾನು ಯಾರು? ಸುಮ್ಮನಿದ್ದರೆ ತಪ್ಪಿನ ಮೇಲೂ ನನ್ನ ಹೆಸರೇ ಮೊದಲು.

ಭಾನುವಾರ ನಾನು ಊರಿನಿಂದ ಚಾಮರಾಜನಗರದ ಬಾಡಿಗೆ ಕೋಣೆಗೆ ಹಿಂದಿರುಗುವಾಗ ಅಪ್ಪ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನವರೆಗೆ ಬಂದರು.

"ಯಾಕಮ್ಮಿ, ಮಖ ಇಂಗ್ ಮಾಡ್ಕಂಡಿದ್ದೀಯೆ?"

"ನಮ್ ಸಾರ್ ಲೆಕ್ಕದ ಮ್ಯಾಲೆ ಅನುಮಾನ ಕಣಪ್ಪ."

"ನಿಂಗ್ಯಾರ್ ಮ್ಯಾಲೆ ಅನುಮಾನ ಇಲ್ಲ ಏಳು? ನಿಮ್ಮವ್ವ ಮಾಡಿದ್ ಸಾರ್ನೂ ಮೂಸ್ ನೋಡೇ ಉಣ್ಣೋಳು ನೀನು."

ಬಸ್ಸು ಬಂತು. ಅದು ನಿಲ್ಲುವ ಮೊದಲೇ ಅಪ್ಪ ವಾಡಿಕೆಯಂತೆ ಕಿಟಕಿಯಿಂದ ಟವಲು ಎಸೆದು ನನಗೊಂದು ಸೀಟು ಹಿಡಿದರು. ಹತ್ತಿ ನೋಡಿದರೆ ಅದೇ ಸೀಟಿನ ಮೇಲೆ, ಹಿಂದಿನ ಕಿಟಕಿಯಿಂದ ಎಸೆದ ಚೀಲವೊಂದು. ಚೀಲದ ಒಡತಿ ಆಗಲೇ ಕುಳಿತಾಗಿತ್ತು.

"ನನ್ ಟವಲ್ ಮೊದ್ಲು ಬಿತ್ತು ಕಣವ್ವ," ಎಂದರು ಅಪ್ಪ ಕೆಳಗಿನಿಂದ.

"ಅಂಗಾರೆ ಟವಲ್ಗೇ ಟಿಕೀಟ್ ತಗಸು ಓಗಣ್ಣ. ಕೂರಾಕೆ ನಾನಿವ್ನಿ."

ಕಂಡಕ್ಟರ್ ನಕ್ಕರು: "ಇಡ್ದೋರು ಇಬ್ರು, ಸೀಟ್ ಒಂದೇ ಕಣ್ರಪ್ಪ. ಏನ್ ಮಾಡನ?"

ನಾನು ನಿಂತೇ ಹೊರಟೆ. ತೆರಕಣಾಂಬಿ ದಾಟುವಾಗ ನಕ್ಷೆ ನೆನಪಾಯಿತು. ಅಲೆಯ ಜರುಗುವಿಕೆಗಾಗಿ ನಾವು ಎಲ್ಲ ಕಣಗಳನ್ನೂ ಒಂದು ಬಗೆಯಲ್ಲಿ ಅಳೆದಂತೆ ಲೆಕ್ಕ ಹಾಕಿದ್ದೆವು. ಗದ್ದಲಕ್ಕಾಗಿ ಅವೇ ಕಣಗಳನ್ನು ಇನ್ನೊಂದು ಬಗೆಯಲ್ಲಿ. ಬಿಡಿಯಾಗಿ ಎರಡೂ ಸರಿ. ಆದರೆ ಆ ಎರಡು ಅಳತೆಗಳು ಒಂದೇ ಕಣದ ಮೇಲೆ ಹೊಂದುವುದಿಲ್ಲ, ಒಮ್ಮೆ ಅಳೆದ ಕಣ ಮತ್ತೆ ಸಿಗುವುದೂ ಇಲ್ಲ. ಒಂದೇ ಸೀಟಿನಲ್ಲಿ ಇಬ್ಬರನ್ನು ಕೂರಿಸಿದ್ದೆವು.

ಬಸ್ಸಿನಲ್ಲಿ ಹೊಳೆದದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಕೋಣೆಗೆ ಬಂದು, ಒಂದೇ ಅಳತೆಯನ್ನು ಇಟ್ಟುಕೊಂಡು ಮೊದಲಿನಿಂದ ಲೆಕ್ಕ ಮಾಡಿದೆ. ಜರುಗುವಿಕೆ ಗಡಿಯ ಹತ್ತಿರ ಹೋದಷ್ಟೂ ಗದ್ದಲದ ಅಂದಾಜು ಕೆಡುತ್ತಿತ್ತು. ಎರಡೂ ಒಟ್ಟಿಗೆ ಗಡಿ ಮುಟ್ಟಲಾರವು ಎಂದು ಫೋನಿನಲ್ಲಿ ಹೇಳಬೇಕಾದ ವಾಕ್ಯವನ್ನು ಮೊದಲು ಬರೆದುಕೊಂಡು, ಆಮೇಲೆ ಮಾರ್ಗದರ್ಶಕರಿಗೆ ಕರೆ ಮಾಡಿ ಓದಿದೆ.

ನಾನು ಓದಿ ಮುಗಿಸುತ್ತಲೇ ಅವರು ಕೇಳಿದರು:

"ಇದನ್ನು ನಿಮಗೆ ಯಾರು ಹೇಳಿದರು?"

"ಯಾರೂ ಇಲ್ಲ ಸರ್. ನಾನೇ ಮಾಡಿ ನೋಡಿದೆ."

"ಸರಿ. ನಾಳೆ ಕಳುಹಿಸುವುದು ಬೇಡ. ಬೆಳಿಗ್ಗೆ ಬಂದು ಬೋರ್ಡಿನ ಮೇಲೆ ತೋರಿಸಿ."

ಆ 'ಸರಿ'ಯಲ್ಲಿ ಇದ್ದದ್ದು ಸಿಟ್ಟೋ ಒಪ್ಪಿಗೆಯೋ ತಿಳಿಯಲಿಲ್ಲ. ಫೋನು ಇಟ್ಟು, ನನ್ನ ಲೆಕ್ಕವನ್ನೇ ಅನುಮಾನಿಸುತ್ತ ಮತ್ತೆ ಮೊದಲ ಸಾಲಿನಿಂದ ಪರಿಶೀಲಿಸಲು ಕುಳಿತೆ.