ಯುದ್ಧದ ಮನೆ ನೋಡಿ ಬಂದದ್ದು

ನಮ್ಮ ಪಕ್ಕದ ಬೀಳಗಿ ತಾಲೂಕಿನ ಹಳ್ಳಿಗಳ ಹೆಸರು ಹೇಳು ಎಂದರೆ ನಾನು ಐದಾರಕ್ಕೇ ತಡವರಿಸುತ್ತೇನೆ. ಯುಕ್ರೇನಿನ ಪೂರ್ವಕ್ಕಿರುವ ಹಳ್ಳಿಗಳನ್ನು ಕೇಳಿ ನೋಡಿ. ಯಾವುದು ನದಿಯ ಈಚೆಗಿದೆ, ಯಾವುದು ಆಚೆಗಿದೆ, ಯಾವುದರ ಸೇತುವೆ ಉಳಿದಿದೆ, ಎಲ್ಲವನ್ನೂ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನಾನು ಸೇನಾಧಿಕಾರಿಯಲ್ಲ, ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುವವನು. ಮದುವೆಯ ಹಂಗಾಮು ಮುಗಿದ ಮೇಲೆ ಗಾದಿಯ ಮೇಲೆ ಕೂತು ನೊಣ ಹೊಡೆಯುವುದೇ ಕೆಲಸ. ಹಾಗೆ ಹೊಡೆಯುತ್ತ ಕೂತಾಗ ಈ ಯುದ್ಧ ನೋಡುವ ಚಟ ಹತ್ತಿತು, ಆಮೇಲೆ ಬಿಡಲಾಗಲಿಲ್ಲ. "ನಿಮ್ಮ ಯುದ್ಧಕ್ಕ ಒಂದೀಟ ಸೂಟಿ ಕೊಟ್ಟು ಊಟಕ್ಕ ಬರ್ರಿ" ಎಂದು ಹೆಂಡತಿ ಅಡಿಗೆಮನೆಯಿಂದಲೇ ಕರೆಯುತ್ತಾಳೆ.

ಮೊದಮೊದಲು ಎಲ್ಲರ ಹಾಗೆ ಟಿವಿಯಲ್ಲೇ ನೋಡುತ್ತಿದ್ದೆ. ಅದನ್ನು ನೋಡಿದಷ್ಟೂ ನನಗೆ ಬಿ.ಪಿ. ಏರುತ್ತಿತ್ತು. ಕೋಟು ತೊಟ್ಟ ಮನುಷ್ಯ ಗಂಟಲು ಹರಿಯುವಂತೆ ಕಿರುಚುತ್ತಾನೆ, ಅವನ ಹಿಂದೆ ಗೊಂಬೆ ಟ್ಯಾಂಕು ಓಡುತ್ತದೆ, ಕೆಳಗೆ ಬೆಂಕಿಯ ಬಣ್ಣದ ಅಕ್ಷರಗಳು ಕುಣಿಯುತ್ತವೆ. ನಡುವೆ ಹಪ್ಪಳದ ಜಾಹೀರಾತು. ಊರು ಸುಟ್ಟುಹೋಗುವುದನ್ನು ಇಷ್ಟು ಖುಷಿಯಿಂದ ಹೇಳುವ ಬಾಯಿಗಳಿಗೆ ನಾಚಿಕೆ ಎಂಬುದು ಇರಬೇಡವೇ? ಒಂದು ದಿನ ಸಿಟ್ಟಿನಲ್ಲಿ ರಿಮೋಟನ್ನು ಗೋಡೆಗೆ ಒಗೆದೆ. ರಿಮೋಟು ಒಡೆಯಿತು, ಟಿವಿ ಮಾತ್ರ ಕಿರುಚುತ್ತಲೇ ಇತ್ತು. ನನ್ನ ಸಿಟ್ಟಿನ ತಾಕತ್ತು ಇಷ್ಟೇ ಎಂದು ಮನೆಯವರಿಗೆಲ್ಲ ಗೊತ್ತಾಯಿತು.

ಆಮೇಲೆ ನಾನು ಸ್ವತಂತ್ರವಾಗಿ ಸುದ್ದಿ ಕೊಡುವವರನ್ನು ಹುಡುಕಿಕೊಂಡೆ. ಒಬ್ಬಾತ ದಿನವೂ ನಕಾಶೆಗೆ ಬಣ್ಣ ತುಂಬುತ್ತಾನೆ. ಇನ್ನೊಬ್ಬ ಆಕಾಶದಿಂದ ತೆಗೆದ ಹಳೆಯ ಪಟ, ಹೊಸ ಪಟ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾನೆ. ಒಬ್ಬಳು ಹೆಣ್ಣುಮಗಳು ಯಾವ ಸೈನ್ಯದವರನ್ನೂ ಜೊತೆಗೆ ಕರೆದುಕೊಳ್ಳದೆ, ಸಣ್ಣ ಕ್ಯಾಮೆರಾ ಹಿಡಿದು ಒಡೆದ ಮನೆಗಳೊಳಗೆ ಹೋಗುತ್ತಾಳೆ. ಇವರಲ್ಲಿ ನನಗೆ ಹಿಡಿಸಿದ್ದು ಒಂದೇ ಗುಣ. ತಿಳಿಯದ್ದನ್ನು ತಿಳಿಯದು ಎನ್ನುತ್ತಾರೆ. "ಖಚಿತವಿಲ್ಲ" ಎಂಬ ಮಾತನ್ನು ನಾನು ಟಿವಿಯಲ್ಲಿ ಇವತ್ತಿನವರೆಗೂ ಕೇಳಿಲ್ಲ.

ಆದರೆ ಜ್ಞಾನ ಬಂದರೆ ಅದನ್ನು ತೋರಿಸುವ ಚಟವೂ ಬರುತ್ತದೆ. ಸಂಜೆ ಚಹಾದಂಗಡಿಯಲ್ಲಿ ನಾನೇ ಯುದ್ಧದ ವಕ್ತಾರನಾದೆ. ನೂಲಿನ ವ್ಯಾಪಾರಿಯಾದ ನನ್ನ ಗೆಳೆಯನೊಬ್ಬ ನನ್ನನ್ನು ನೋಡಿದ ಕೂಡಲೇ, "ಇವತ್ತ ಯಾರ ವಿಕೆಟ್ ಬಿತ್ರಿ, ಸಾವಕಾರ್ರ?" ಎಂದು ಕೇಳುತ್ತಾನೆ. ಮೈ ಉರಿಯುತ್ತದೆ. ಉರಿಯುತ್ತಿದ್ದರೂ ಉತ್ತರ ಕೊಡುತ್ತೇನೆ. ಆಮೇಲೆ ಮಾತು ನಮ್ಮ ಸೈನ್ಯದ ಭರ್ತಿಗೆ ಹೊರಳುತ್ತದೆ. ನಾಲ್ಕು ವರ್ಷದ ನೌಕರಿಗೆ ಹೋದವರು ಮುಂದೇನು ಮಾಡಬೇಕು, ಜಮಖಂಡಿ ರಸ್ತೆಯಲ್ಲಿ ನಸುಕಿನಲ್ಲಿ ಓಡುವ ಹುಡುಗರಲ್ಲಿ ಎಷ್ಟು ಮಂದಿಗೆ ಸಿಕ್ಕೀತು, ಒಬ್ಬೊಬ್ಬರದು ಒಂದೊಂದು ತೀರ್ಪು. ಹಾಗೆ ತೀರ್ಪು ಕೊಡುವವರಲ್ಲಿ ಯಾರ ಮನೆಯ ಹುಡುಗನೂ ಆ ರಸ್ತೆಯಲ್ಲಿ ಓಡುತ್ತಿಲ್ಲ.

ಓಡಿದವನು ನನ್ನ ತಂಗಿ ಕಸ್ತೂರಿಯ ಮಗ ಪ್ರವೀಣ. ರಬಕವಿಯಲ್ಲಿ ಅವರದು ನಾಲ್ಕು ಪವರ್‌ಲೂಮಿನ ಮನೆ. ಹುಡುಗ ಹಗಲು ಮಗ್ಗ ನೋಡಿಕೊಂಡು, ನಸುಕಿನಲ್ಲಿ ಓಡಿ, ಒಂದು ಸಲ ಓಟದಲ್ಲಿ, ಒಂದು ಸಲ ವೈದ್ಯಕೀಯ ತಪಾಸಣೆಯಲ್ಲಿ ಹೊರಬಿದ್ದ. ಅಷ್ಟರಲ್ಲಿ ವಯಸ್ಸು ದಾಟಿತು. ಆ ಹೊತ್ತಿಗೆ ಸರಿಯಾಗಿ ಎಲ್ಲಿಂದಲೋ ಒಬ್ಬ ಏಜೆಂಟ ವಕ್ಕರಿಸಿದ. ಯುಕ್ರೇನ್ ಯುದ್ಧದಲ್ಲಿರುವ ಒಂದು ಸೈನ್ಯಕ್ಕೆ ಜನ ಬೇಕಾಗಿದ್ದಾರಂತೆ. ಗುಂಡು ಹಾರಿಸುವ ಕೆಲಸವಲ್ಲ, ಅಡಿಗೆಮನೆಯಲ್ಲಿ ಸಹಾಯಕನ ಕೆಲಸವಂತೆ.

"ಇಲ್ಲಿ ವಯಸ್ಸು ಮುಗೀತು ಅಂತಾರ ಮಾಮಾ. ಅಲ್ಲಿ ವಯಸ್ಸೂ ಕೇಳಂಗಿಲ್ಲ, ಎದಿ ಅಳತಿನೂ ಕೇಳಂಗಿಲ್ಲ" ಎಂದ ಪ್ರವೀಣ, ಅದೊಂದು ದೊಡ್ಡ ಸವಲತ್ತು ಎಂಬಂತೆ.

ಏನನ್ನೂ ಕೇಳದೆ ಒಳಗೆ ಬಿಟ್ಟುಕೊಳ್ಳುವ ಸೈನ್ಯ ಎಂಥದ್ದಿರಬೇಕು? ನಮ್ಮ ಮುಧೋಳದ ನಾಯಿ ಸೈನ್ಯಕ್ಕೆ ಸೇರಿತೆಂದು ನಾವೆಲ್ಲ ಎದೆಯುಬ್ಬಿಸಿ ತಿರುಗಿದವರು. ಆ ನಾಯಿಗೂ ತಳಿ ನೋಡುತ್ತಾರೆ, ಆರೋಗ್ಯ ನೋಡುತ್ತಾರೆ, ತಿಂಗಳುಗಟ್ಟಲೆ ಕಲಿಸುತ್ತಾರೆ, ಅದರ ಮರ್ಜಿ ಬಲ್ಲ ಒಬ್ಬ ಮನುಷ್ಯನನ್ನು ಜೊತೆಗಿಡುತ್ತಾರೆ. ಪ್ರವೀಣನ ಮಾತು ತಿಳಿಯುವವರು ಅಲ್ಲಿ ಯಾರಿರುತ್ತಾರೆ ಎಂದು ಅಂಗಡಿಗೆ ಬಂದ ಏಜೆಂಟನನ್ನು ಕೇಳಿದೆ. "ಮೊಬೈಲದಾಗ ಟ್ರಾನ್ಸ್‌ಲೇಟ್ ಐತಲ್ರಿ" ಎಂದ. ಅವನ ಕಪಾಳಕ್ಕೆ ಬಾರಿಸುವ ಮನಸ್ಸಾಯಿತು. ಬಾರಿಸಲಿಲ್ಲ, ಚಹಾ ತರಿಸಿ ಕೊಟ್ಟೆ. ವ್ಯಾಪಾರಿಯ ಕೈಗೆ ರೂಢಿಯಾದದ್ದು ಅದೇ.

ಮರುದಿನ ಕಸ್ತೂರಿ ಅಂಗಡಿಗೆ ಬಂದಳು. ನೆಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

"ಅಣ್ಣಾ, ಅವರಪ್ಪ ಹೂಂ ಅಂದಾನ. ನಾ ಇನ್ನೂ ಅಂದಿಲ್ಲ. ನೀ ದಿನಾ ಆ ಯುದ್ಧ ನೋಡ್ತೀಯಲ್ಲ, ಒಮ್ಮಿ ಮನಿ ನೋಡಿ ಹೇಳು."

ಮನೆ ನೋಡುವುದು ಎಂದರೆ ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಗೆ ಹೋಗಿ ಬರುವುದು. ನೇಕಾರರು ಹೋದರೆ ಮೊದಲು ನೋಡುವುದು ಹುಡುಗನ ಮೂಗನ್ನಲ್ಲ, ಕೇಳುವುದು ಮಗ್ಗದ ಸಪ್ಪಳವನ್ನು. ಓಣಿಯ ತುದಿಯಲ್ಲೇ ನಿಂತು ಕಿವಿಗೊಡುತ್ತಾರೆ. ಹಗಲುಹೊತ್ತು ಮಗ್ಗ ಸುಮ್ಮನಿದ್ದರೆ ಆ ಮನೆತನ ಇಳಿಯುತ್ತಿದೆ ಎಂದು ಅರ್ಥ. ಕಸ್ತೂರಿಗೆ ಗಂಡು ನೋಡಲು ಅಪ್ಪ ಮೊದಲೇ ಹೇಳಿ ಕಳಿಸಿ ಹೋಗಿದ್ದ. ನಾಲ್ಕೂ ಮಗ್ಗ ಖಟಖಟ ಓಡುತ್ತಿದ್ದವು. ಮದುವೆಯಾದ ಮೇಲೆ ತಿಳಿಯಿತು, ಆವತ್ತು ಮಗ್ಗಕ್ಕೆ ಏರಿಸಿದ್ದ ನೂಲು ಬಾಜೂ ಮನೆಯಿಂದ ಕಡ ತಂದದ್ದು. ಅತ್ತೆಯ ಮನೆಯಲ್ಲಿ ಅವಳು ಕಂಡ ಮೊದಲ ಕೆಲಸವೇ ಆ ನೂಲನ್ನು ಬಿಚ್ಚಿ ವಾಪಸು ಕೊಡುವುದು.

"ಅಪ್ಪ ಹೇಳಿ ಹೋಗಿದ್ದ. ನೀ ಹೇಳದ ಹೋಗಿ ನೋಡು. ಮದವಿ ಮಾಡಸಾವನ್ನ ಕೇಳಬ್ಯಾಡ, ಬಾಜೂ ಮನಿಯವರನ್ನ ಕೇಳು" ಎಂದಳು ಕಸ್ತೂರಿ.

ಸ್ವತಂತ್ರ ಸುದ್ದಿ ಎಂದರೇನು ಎಂಬುದರ ಮೇಲೆ ನಾನು ಚಹಾದಂಗಡಿಯಲ್ಲಿ ಬಿಗಿದ ಭಾಷಣಗಳಿಗೆಲ್ಲ ಇದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಸೈನ್ಯದವರು ಕರೆದುಕೊಂಡು ಹೋಗಿ ತೋರಿಸುವ ಯುದ್ಧವೆಂದರೆ ಮುಂಚೆ ಹೇಳಿ ಹೋಗಿ ನೋಡಿದ ಮನೆಯ ಹಾಗೆ. ಎಲ್ಲ ಮಗ್ಗಗಳೂ ಓಡುತ್ತಿರುತ್ತವೆ. ಟಿವಿಯವನು ಮದುವೆ ಕುದುರಿಸುವ ದಲ್ಲಾಳಿ, ಅಕ್ಷತೆ ಬಿದ್ದ ಮೇಲೆ ಅವನು ಓಣಿಯಲ್ಲಿ ಕಾಣಿಸುವುದಿಲ್ಲ. ಕಸ್ತೂರಿಯನ್ನು ಅಲ್ಲೇ ಇರಿಸಿಕೊಂಡು ನಾನು ಸಂಜೆಯವರೆಗೆ ಕೂತು, ಹೇಳದೆ ಕೇಳದೆ ಒಡೆದ ಮನೆಗಳೊಳಗೆ ಹೋಗಿ ನೋಡುವ ಆ ಹೆಣ್ಣುಮಗಳ ವಿಡಿಯೋಗಳನ್ನು ಹುಡುಕಿದೆ. ಬೇಕಾದದ್ದು ಸಿಕ್ಕಿತು. ಪ್ರವೀಣನನ್ನೂ ಕರೆಸಿದೆ. ಅವನು ಮುಖ ಗಂಟಿಕ್ಕಿಕೊಂಡು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ವಿಡಿಯೋದಲ್ಲಿ ಮರಗಳ ನಡುವೆ ಒಂದು ಗುಂಡಿ. ಮೇಲೆ ಅರ್ಧ ಹರಿದ ತಾಡಪತ್ರಿ. ಒಳಗೆ ಒಲೆ, ಒಲೆಯ ಮೇಲೆ ದೊಡ್ಡ ಪಾತ್ರೆ, ಪಾತ್ರೆಯ ತುಂಬ ಜರಡಿಯಂತೆ ತೂತು. ಒಂದು ಹಗ್ಗಕ್ಕೆ ಎರಡು ಅಂಗಿ ಒಣಹಾಕಿದ್ದವು. ಆ ಹೆಣ್ಣುಮಗಳ ಮಾತು ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು, ನಾನು ಓದಿ ಹೇಳಿದೆ. ಇದು ಸೈನ್ಯದ ಅಡಿಗೆಮನೆ. ಒಲೆಯ ಹೊಗೆ ನೋಡಿ ಡ್ರೋನ್ ಬಂದಿರಬಹುದು. ಖಚಿತವಿಲ್ಲ.

ಕಸ್ತೂರಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಪೂರ್ತಿ ನೋಡಿದಳು. ಆಮೇಲೆ ಕೇಳಿದಳು.

"ಅಡಗಿ ಮಾಡಾವ ಎಲ್ಲಿ ಅದಾನ?"

ಈ ವಿಡಿಯೋವನ್ನು ನಾನು ಹಿಂದೆಯೇ ನೋಡಿದ್ದೆ. ಡ್ರೋನು ಎಷ್ಟು ದೂರದಿಂದ ಬಂದಿರಬಹುದು ಎಂದು ಲೆಕ್ಕ ಬರೆದು ನೂಲಿನ ಗೆಳೆಯನಿಗೆ ಕಳಿಸಿಯೂ ಇದ್ದೆ. ಅಡಿಗೆಯವನು ಎಲ್ಲಿ ಎಂದು ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ. ಕೋಟು ತೊಟ್ಟವನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ತಿರುಗಿ ನನ್ನ ಮೇಲೆ ಬಂತು. ಅವನು ಕಿರುಚುತ್ತಾನೆ, ನಾನು ಮೆತ್ತಗೆ ಮಾತಾಡುತ್ತೇನೆ. ಅಷ್ಟು ಬಿಟ್ಟರೆ ನಮ್ಮಿಬ್ಬರಲ್ಲಿ ಏನು ವ್ಯತ್ಯಾಸ?

"ಗೊತ್ತಿಲ್ಲವ್ವಾ" ಎಂದೆ.

"ಯಾವ ಕಡೆಯವರ ಅಡಗಿಮನಿ ಅದು?" ಎಂದು ಪ್ರವೀಣ ಬಾಗಿಲಿನಿಂದ ಕೇಳಿದ.

"ಯಾವ ಕಡೀದಾದ್ರೇನಲೇ, ಒಲಿ ಹಚ್ಚಿದ್ರ ಹೊಗಿ ಮ್ಯಾಲ ಹೋಗತೈತಿ" ಎಂದಳು ಅವನ ತಾಯಿ. ಎದ್ದು ಸೀರೆ ಕೊಡವಿಕೊಂಡು, "ಈ ಮನಿ ಬ್ಯಾಡಣ್ಣಾ" ಎಂದು ಹೇಳಿ ಹೊರಟಳು. ಪ್ರವೀಣ ಅವಳ ಹಿಂದೆ ಹೋಗಲಿಲ್ಲ. ಮೊಬೈಲನ್ನು ಇಸಿದುಕೊಂಡು ತಾನೊಂದು ಸಲ ನೋಡಿದ, ಗಾದಿಯ ಮೇಲಿಟ್ಟು ಹೋದ. ಆಮೇಲೆ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ. ಅವನ ಕೈಯಲ್ಲಿದ್ದ ಒಂದೇ ದಾರಿಯನ್ನು ನಾವು ಮುಚ್ಚಿದ್ದೆವು, ಇನ್ನೊಂದನ್ನು ತೆರೆದಿರಲಿಲ್ಲ. ಅವನ ಸಿಟ್ಟಿಗೂ ನ್ಯಾಯವಿತ್ತು.

ಏಜೆಂಟ ಉತ್ತರ ಕೇಳಲು ಬಂದಾಗ ಅವನೊಡನೆ ಜಗಳಕ್ಕೆ ಇಳಿಯಲು ನಾನು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಅವನು ಅದಕ್ಕೂ ಅವಕಾಶ ಕೊಡಲಿಲ್ಲ. "ಇರ್ಲಿ ಬಿಡ್ರಿ, ಜಬರದಸ್ತಿ ಏನಿಲ್ಲ" ಎಂದು ನಕ್ಕ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಆ ಜಾಗಾ ಏನ್ ಖಾಲಿ ಉಳ್ಯಂಗಿಲ್ರಿ. ಬ್ಯಾರೆ ಊರಾಗ ಒಬ್ಬ ಹುಡುಗ ಆಗ್ಲೇ ಹೂಂ ಅಂದಾನ" ಎಂದ. ಯಾವ ಊರು ಎಂದು ಕೇಳಿದೆ. ಅವನು ಗಾಡಿ ಹತ್ತಿ ಹೋದ.

ಪ್ರವೀಣ ಈಗ ರಬಕವಿಯಲ್ಲಿ ಮಗ್ಗದ ಮುಂದಿದ್ದಾನೆ, ನನ್ನೊಡನೆ ಮತ್ತೆ ಮಾತಾಡುತ್ತಾನೆ. ನನ್ನ ಯುದ್ಧ ನೋಡುವ ಚಟ ಮಾತ್ರ ಕೆಟ್ಟಿದೆ. ನಕಾಶೆಗಳನ್ನು ಹಾರಿಸಿ ಮುಂದಕ್ಕೆ ಹೋಗುತ್ತೇನೆ, ಮನುಷ್ಯರು ಕಂಡಲ್ಲಿ ನಿಲ್ಲಿಸುತ್ತೇನೆ. ಪಾತ್ರೆ ತೊಳೆಯುವವರು, ನೀರು ಹೊರುವವರು, ಕಟ್ಟಿಗೆ ಒಡೆಯುವವರು, ಒಬ್ಬೊಬ್ಬರ ಮುಖವನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಏಜೆಂಟ ಹೋಗುವಾಗ ಹೇಳಿದ ಮಾತನ್ನು ಕಸ್ತೂರಿಗೂ ಹೇಳಿದ್ದೆ, ಅವಳು ಆಗಾಗ ಫೋನು ಮಾಡುತ್ತಾಳೆ. ಊಟ, ಮಳೆ, ಮಗ್ಗದ ಮಾತೆಲ್ಲ ಆದ ಮೇಲೆ ದನಿ ತಗ್ಗಿಸಿ, "ಆ ಹುಡುಗ ಎಲ್ಲರೆ ಕಂಡನೇನಣ್ಣಾ?" ಎಂದು ಕೇಳುತ್ತಾಳೆ. ಯಾವ ಹುಡುಗ ಎಂದು ನಾನು ಕೇಳುವುದಿಲ್ಲ. ಅವನ ಹೆಸರು ಅವಳಿಗೂ ಗೊತ್ತಿಲ್ಲ.