ಹೊಗೆ ಹೋದ ಮನೆಗೆ ಬೆಲ್ಲ

ಕೆಲವು ಸಂಜೆ ಬೆಲ್ಲ ಕಾಯುವ ವಾಸನೆ ಬಂದಂತಾಗಿ ಕಿಟಕಿ ತೆರೆಯುತ್ತೇನೆ. ಹೊರಗೆ ಅಂಥದ್ದೇನೂ ಇರುವುದಿಲ್ಲ. ಆಧಾರವಿಲ್ಲದೆ ಏನನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಪಾಠ ಎಷ್ಟು ಹತ್ತಿತೆಂದರೆ ಈಗ ನನ್ನ ಮೂಗನ್ನೂ ನಾನು ನಂಬುವುದಿಲ್ಲ.

ಹೊಸಪೇಟೆಯ ಅಂಚಿನಲ್ಲಿ ನಮ್ಮ ಮನೆ. ಎದುರಿಗೆ ವೀರಣ್ಣನ ಕಬ್ಬಿನ ಹೊಲ, ಅದರ ಮೂಲೆಯಲ್ಲಿ ಬೆಲ್ಲದ ಗಾಣ. ಹಂಗಾಮಿನ ಮೊದಲ ಅಚ್ಚು ದೇವರಿಗೆ. ಆಮೇಲಿನವು ಆತನ ಒಲೆಯ ಹೊಗೆ ಹೋಗುವ ದಿಕ್ಕಿನ ಮನೆಗಳಿಗೆ. ಹೊಗೆ ಕುಡಿದವರಿಗೆ ಬೆಲ್ಲ. ಇಂಥ ರೂಢಿ ನಿಜಕ್ಕೂ ಇತ್ತೋ, ನಾನೇ ಕಟ್ಟಿಕೊಂಡೆನೋ ಎಂದು ಅಕ್ಕನನ್ನು ಕೇಳಿದೆ. "ಬೆಲ್ಲ ತಿಂದಿದ್ದು ನೆನಪೈತಿ, ಹೊಗಿ ಲೆಕ್ಕ ನಂಗೊತ್ತಿಲ್ಲ" ಎಂದಳು.

ಊರು ಬೆಳೆಯಿತು. ಸಂಡೂರಿನ ಗಣಿಗಳಲ್ಲಿ ದುಡಿಯುವವರು ಸೈಟು ಹುಡುಕುತ್ತ ಬಂದರು. ನಗರ ಯೋಜನೆಯ ಹೊಸ ನಕ್ಷೆಯಲ್ಲಿ ನಮ್ಮ ಭಾಗದ ಹಸಿರು ಹಳದಿಯಾಯಿತು. ಹಸಿರೆಂದರೆ ಬೇಸಾಯ, ಹಳದಿಯೆಂದರೆ ವಾಸದ ಮನೆ. ಹಳದಿ ಬೇಕೆಂದು ಎಲ್ಲರಿಗಿಂತ ಹೆಚ್ಚು ಓಡಾಡಿದವನು ವೀರಣ್ಣನೇ. ಬಣ್ಣ ಬದಲಾದ ದಿನ ಓಣಿಗೆಲ್ಲ ಬೆಲ್ಲ ಹಂಚಿದ. ಹೊಲ ಮಾರಿದ, ಗಾಣ ಮಾತ್ರ ಉಳಿಸಿಕೊಂಡ. ಕಬ್ಬು ಕಂಪ್ಲಿಯಿಂದ ತರಿಸಿದರಾಯಿತು, ಅಪ್ಪ ಹಚ್ಚಿದ ಒಲೆ ಆರಬಾರದು ಎಂಬುದೊಂದೇ ಆತನ ಹಟ. ಹಳದಿಯಲ್ಲಿ ಒಲೆಯೆಂದರೆ ಅಡುಗೆಮನೆಯದು ಮಾತ್ರ ಎಂಬುದು ಆತನಿಗೆ ಹೊಳೆಯಲಿಲ್ಲ. ಇಷ್ಟೆಲ್ಲ ಓದಿದ ನನಗೂ ಹೊಳೆಯಲಿಲ್ಲ.

ಹೊಸ ಮನೆಗಳು ಎದ್ದವು. ಒಗೆದ ಬಟ್ಟೆಯ ಮೇಲೆ ಮಸಿ ಕೂತಿತು. ಪಕ್ಕದ ಮನೆಯ ಮಗುವಿಗೆ ಉಬ್ಬಸ. ಅದರ ತಂದೆ ದೂರು ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ. ಗಾಣದ ಒಲೆ ಆರಿಸಬೇಕೆಂದು ನಗರಸಭೆಯ ನೋಟಿಸು ಬಂತು. ವೀರಣ್ಣ ನನ್ನನ್ನು ಕಚೇರಿಗೆ ಕರೆದೊಯ್ದ. ಹೊಗೆ ಮತ್ತು ಬೆಲ್ಲದ ಒಪ್ಪಂದವನ್ನು ನಾನು ವಿವರಿಸಿದೆ. ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡು, ಇದಕ್ಕೆ ಆಧಾರವೇನು ಎಂದರು. ಒಳ್ಳೆಯ ಪ್ರಶ್ನೆ ಎಂದು ನನ್ನ ತಲೆ ತಾನಾಗಿಯೇ ಆಡಿತು. ವೀರಣ್ಣ ಅದನ್ನು ನೋಡಿದ.

ಹಂಪಿಯಲ್ಲಿ ಒಂದೊಂದು ಸರಕಿಗೆ ಒಂದೊಂದು ಬಜಾರಿತ್ತು ಎಂದು ಎಲ್ಲೋ ಓದಿದ್ದೇನೆ. ಎಲ್ಲಿ ಎಂದು ಮಾತ್ರ ಕೇಳಬೇಡಿ. ಒಲೆ ಆರಿದ ವಾರ ಅಲ್ಲಿಗೆ ಹೋಗಿ ಸಾಲುಕಂಬಗಳ ನಡುವೆ ಸುಮ್ಮನೆ ಅಡ್ಡಾಡಿದೆ. ಬಹಳ ಅಚ್ಚುಕಟ್ಟಾದ ಬೀದಿಗಳು. ಈಗ ಅಲ್ಲಿ ಯಾರ ಹೊಗೆಯೂ ಯಾರಿಗೂ ತಾಗುವುದಿಲ್ಲ.

ಮರುವರ್ಷ ಹಂಗಾಮಿನಲ್ಲಿ ವೀರಣ್ಣ ಚೀಲ ಹಿಡಿದು ಬಾಗಿಲಿಗೆ ಬಂದ. ಕಂಪ್ಲಿ ಕಡೆ ಯಾರದೋ ಗಾಣದಿಂದ ತಂದ ಬೆಲ್ಲ.

"ಈ ಸಲ ಹೊಗೀನ ಬರಲಿಲ್ಲಲ್ಲ, ವೀರಣ್ಣ" ಎಂದೆ.

"ಇನ್ನ ಬರಾಂಗಿಲ್ಲ, ತಮ್ಮಾ. ಹೋದ ವರ್ಷದ ಹೊಗಿದು ಬಾಕಿ ಇತ್ತು, ಕೊಟ್ಟು ಮುಗಸ್ತೀನಿ."

ಹಾಗೆಂದವನು ನನ್ನ ಕೈಗೊಂದು ಅಚ್ಚು ಕೊಟ್ಟು, ನೇರ ಪಕ್ಕದ ಮನೆಗೆ, ದೂರು ಕೊಟ್ಟವರ ಮನೆಗೆ ಹೋಗಿ ಬೆಲ್ ಒತ್ತಿದ. ಆ ತಂದೆ ಬಾಗಿಲಲ್ಲಿ ಎರಡೂ ಕೈಯಲ್ಲಿ ಬೆಲ್ಲ ಹಿಡಿದು, ಏಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದರು.

ರೂಢಿ ಇತ್ತೆಂಬುದಕ್ಕೆ ನನಗೆ ಕೊನೆಗೂ ಆಧಾರ ಸಿಕ್ಕಿತು. ಇರುವೆ ಮುತ್ತದ ಹಾಗೆ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದೇನೆ.