ಒಣಮೀನಿನ ಅಂಗಡಿಯಲ್ಲಿ ಬಿಪಿ

ಹೋದ ವರ್ಷದ ಸೆಪ್ಟೆಂಬರ್. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಶನಿವಾರಸಂತೆಯ ಸುತ್ತಮುತ್ತ ಆರೋಗ್ಯ ಶಿಬಿರಗಳಲ್ಲಿ ಕೆಲಸ ಮಾಡುತ್ತಿದ್ದೆ. ಮುಂದಿನ ಓದಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಎಂ.ಎಸ್‌ಸಿ. ನರ್ಸಿಂಗ್, ಇನ್ನೊಂದು ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಸೋಮವಾರದೊಳಗೆ ಯಾವುದಾದರೂ ಒಂದನ್ನು ಬಿಡಬೇಕಿತ್ತು. ಗೋಣಿಕೊಪ್ಪಲಿನಿಂದ ಅಮ್ಮ ಫೋನ್ ಮಾಡಿ, “ಎಂ.ಎಸ್‌ಸಿ. ಆದ್ರೆ ಕಾಲೇಜಲ್ಲಿ ಪಾಠ ಮಾಡ್ಬಹುದು. ಇನ್ನೊಂದು ಓದಿದ್ರೆ ನಿನ್ನ ಏನಂತ ಕರೀತಾರೆ? ಡಾಕ್ಟರೂ ಅಲ್ಲ, ನರ್ಸೂ ಅಲ್ಲ” ಅಂದಿದ್ದಳು.

ಆ ಶನಿವಾರ ಎಸ್ಟೇಟೊಂದರ ಕೆಲಸಗಾರರು ವಾಸಿಸುವ ಲೈನ್ ಮನೆಗಳಲ್ಲಿ ಬಿಪಿ, ಶುಗರ್ ತಪಾಸಣೆ. ಅವರಿಗೆ ಅಂದು ಅರ್ಧ ದಿನ ರಜೆ, ಮಧ್ಯಾಹ್ನ ಎಲ್ಲರೂ ಮನೆಯಲ್ಲಿ ಸಿಗುತ್ತಾರೆಂದು ಹೊಸದಾಗಿ ಬಂದಿದ್ದ ನಮ್ಮ ಡಾಕ್ಟರು ದಿನ ಗೊತ್ತುಮಾಡಿದ್ದರು. ಹೋಗಿ ನೋಡಿದರೆ ಸಾಲಾಗಿ ಬೀಗ. ಅಂಗಳದಲ್ಲಿ ಕೋಳಿಗಳು ಮಾತ್ರ.

ತೋಟದ ಲೆಕ್ಕ ಬರೆಯುವ ರೈಟರ್ ನಕ್ಕರು. “ಊರ ಹೆಸರಲ್ಲೇ ಇದ್ಯಲ್ಲ ಸಾರ್! ಸಂತೆಗೆ ಹೋಗ್ಲಿ ಅಂತಾನೇ ಅರ್ಧ ದಿನ ಬಿಡೋದು.”

“ಈ ಜನಕ್ಕೆ ಆರೋಗ್ಯದ ಕಾಳಜಿನೇ ಇಲ್ಲ” ಎಂದು ಡಾಕ್ಟರು ಜೀಪು ಹತ್ತಿದರು. ಹಾಗಾದರೆ ಸಂತೆಗೇ ಹೋಗೋಣ ಎಂದದ್ದು ನಾನು. ಹಾಗೆಂದು ನನ್ನ ನೆನಪು, ರೈಟರೇ ಅಂದಿರಲೂಬಹುದು.

ಸಂತೆಯಲ್ಲಿ ಒಣಮೀನು ಮಾರುವ ಆಯಿಷಾಬಿ ತಮ್ಮ ಟಾರ್ಪಾಲಿನಡಿ ಜಾಗ ಬಿಟ್ಟರು. “ಮೊದ್ಲು ನಂದು ನೋಡಿ. ಅದೇ ಬಾಡಿಗೆ.”

“ಈ ಗಲಾಟೆಲಿ ಹೇಗಮ್ಮಾ ಬಿಪಿ ನೋಡೋದು?” ಎಂದರು ಡಾಕ್ಟರು.

“ಮೀನಂತೂ ಮಾತಾಡಲ್ಲ ಸಾರ್!”

ಎಲ್ಲರೂ ನಕ್ಕೆವು. ಆದರೆ ಅವರ ಬಿಪಿ ವಿಪರೀತ ಏರಿದ್ದು ನೋಡಿ ನನ್ನ ನಗು ನಿಂತಿತು. ಯಂತ್ರ ಕೆಟ್ಟಿದೆಯೆಂದುಕೊಂಡು ಇನ್ನೊಂದು ತೋಳಿಗೆ ಕಟ್ಟಿದೆ. ಅಷ್ಟೇ ಬಂತು.

“ತಲೆನೋವು ಬರುತ್ತಾ?”

“ಬರುತ್ತಮ್ಮಾ. ದಿನಕ್ಕೊಂದು ಊರಿನ ಸಂತೆ. ನಾನು ಆಸ್ಪತ್ರೆಲಿ ಕೂತ್ರೆ ಇಲ್ಲಿ ಕೂರೋರ್ಯಾರು?”

ಡಾಕ್ಟರು ಅಲ್ಲೇ ಮಾತ್ರೆ ಕೊಟ್ಟರು. ಅಷ್ಟರಲ್ಲಿ ಲೈನಿನವರು ತರಕಾರಿ ಚೀಲ ಹಿಡಿದೇ ತೋಳು ಚಾಚತೊಡಗಿದ್ದರು. “ಬೇಗ ನೋಡಿ ಬಿಪಿ ಅಕ್ಕಾ, ತೋಟಕ್ಕೆ ಹೋಗೋ ಜೀಪು ಹೊರಟೋಗುತ್ತೆ!”

ಸಂಜೆ ಅಮ್ಮನಿಗೆ ಎಂ.ಪಿ.ಎಚ್. ಸೇರುತ್ತೇನೆಂದು ಹೇಳಿದೆ.

“ಮತ್ತೆ ನಿನ್ನ ಏನಂತ ಕರೀತಾರೆ?”

“ಇವತ್ತು ಬಿಪಿ ಅಕ್ಕ ಅಂದ್ರು.”

ಒಂದೇ ಮಧ್ಯಾಹ್ನ ನನ್ನ ಓದನ್ನು ನಿರ್ಧರಿಸಿತೆಂದರೆ ನನಗೇ ಅನುಮಾನ. ಮನಸ್ಸು ಮೊದಲೇ ಆ ಕಡೆ ವಾಲಿತ್ತೇನೋ. ಈಗ ಎರಡನೇ ವರ್ಷ. ರಜೆಯಲ್ಲಿ ಬಂದಾಗ ಶನಿವಾರ ನೋಡಿಕೊಂಡೇ ಸಂತೆಗೆ ಹೋಗುತ್ತೇನೆ. ಆಯಿಷಾಬಿ ಗಿರಾಕಿಗಳನ್ನು ಅಲ್ಲೇ ನಿಲ್ಲಿಸಿ ತೋಳು ಮುಂದೆ ಮಾಡುತ್ತಾರೆ.